ಬಂದು ಹೋಗುವ ಇಂಟರ್‌ನೆಟ್: ದೋಷ ತಂತಿಯಲ್ಲೋ, ನಿಯಮದಲ್ಲೋ?

ಮನೆಯ ಇಂಟರ್‌ನೆಟ್ ಸಂಪರ್ಕ ಪೂರ್ತಿ ಕಡಿದುಹೋದರೆ ಗ್ರಾಹಕನಿಗೆ ಒಂದು ಸಮಾಧಾನವಾದರೂ ಇರುತ್ತದೆ. ದೂರು ದಾಖಲಿಸಬಹುದು. ದುರಸ್ತಿಗೆ ಬಂದವನಿಗೆ ದೋಷ ಕಣ್ಣಿಗೆ ಕಾಣುತ್ತದೆ. ತಂತಿ ಬದಲಿಸಿದರೆ ಕಥೆ ಮುಗಿಯುತ್ತದೆ. ಆದರೆ ಐದು ನಿಮಿಷ ಹೋಗಿ, ಅರ್ಧ ಗಂಟೆ ಬಂದು, ಮತ್ತೆ ಹೋಗುವ ಸಂಪರ್ಕದ ಪಾಡು ಬೇರೆ. ಸಹಾಯವಾಣಿಗೆ ಕರೆ ಮಾಡಿ ಸರದಿಯಲ್ಲಿ ಕಾದು ಕುಳಿತಿರುವಾಗಲೇ ಮೋಡೆಮ್‌ನ ದೀಪ ಹಸಿರಾಗುತ್ತದೆ. 'ನಮ್ಮ ಕಡೆ ಎಲ್ಲ ಸರಿಯಾಗಿದೆ ಸರ್, ಒಮ್ಮೆ ಆಫ್ ಮಾಡಿ ಆನ್ ಮಾಡಿ' ಎಂಬ ಸಿದ್ಧ ಉತ್ತರ ಬರುತ್ತದೆ. ಮರುದಿನ ಬಂದ ಹುಡುಗ ತನ್ನ ಮೊಬೈಲಿನಲ್ಲಿ ವೇಗ ಪರೀಕ್ಷಿಸಿ, ಅಂಕಿ ತೋರಿಸಿ, ದೂರು ಮುಕ್ತಾಯವೆಂದು ಬರೆದುಕೊಂಡು ಹೊರಡುತ್ತಾನೆ. ಅವನ ಬೈಕು ಬೀದಿಯ ತಿರುವು ದಾಟುವ ಮೊದಲೇ ದೀಪ ಮತ್ತೆ ಕೆಂಪಾಗುತ್ತದೆ.

ಬೆಂಗಳೂರಿನ ಅಪಾರ್ಟ್‌ಮೆಂಟುಗಳಿಂದ ಹುಬ್ಬಳ್ಳಿ, ದಾವಣಗೆರೆ, ಮಂಗಳೂರು, ಕಲಬುರಗಿಯ ಬಡಾವಣೆಗಳವರೆಗೆ ಈ ಅನುಭವ ಹೊಸದಲ್ಲ. ಹಿಂದೆ ಇದು ಕಿರಿಕಿರಿ ಮಾತ್ರವಾಗಿತ್ತು. 2020ರ ಮಾರ್ಚ್‌ನ ಲಾಕ್‌ಡೌನ್ ನಂತರ ಅದು ಜೀವನೋಪಾಯದ ಪ್ರಶ್ನೆಯಾಯಿತು. ಮನೆಯಿಂದಲೇ ಕೆಲಸ ಮಾಡುವವರು, ಸಂದರ್ಶನಕ್ಕೆ ಪರದೆಯ ಮುಂದೆ ಕುಳಿತ ನಿರುದ್ಯೋಗಿ, ಆನ್‌ಲೈನ್ ಪರೀಕ್ಷೆ ಬರೆಯುವ ವಿದ್ಯಾರ್ಥಿನಿ, ದೂರದ ವೈದ್ಯರೊಂದಿಗೆ ಮಾತನಾಡುತ್ತಿರುವ ವೃದ್ಧರು, ಇವರ್‍ಯಾರಿಗೂ ತಿಂಗಳ ಸರಾಸರಿ ವೇಗ ಮುಖ್ಯವಲ್ಲ. ಆ ಅರ್ಧ ಗಂಟೆ ಕೊಂಡಿ ಕಳಚದೆ ಇರುವುದು ಮುಖ್ಯ. ಹೀಗಿದ್ದೂ ಇಂತಹ ಬಿಟ್ಟು ಬಿಟ್ಟು ಬರುವ ದೋಷವನ್ನು ಹಿಡಿಯಲು ಗ್ರಾಹಕನ ಬಳಿ ಸಾಧನವಿಲ್ಲ, ಲೆಕ್ಕ ಹಾಕಲು ನಿಯಮದಲ್ಲಿ ಜಾಗವಿಲ್ಲ. ಈ ಎರಡು ಕೊರತೆಗಳನ್ನು ಒಟ್ಟಿಗೆ ನೋಡಿದರೆ ಮಾತ್ರ ಸಮಸ್ಯೆಯ ಬೇರು ಸಿಗುತ್ತದೆ.

ಟಿವಿಗಾಗಿ ಎಳೆದ ತಂತಿ

ದೇಶದಲ್ಲಿ ಸಾರ್ವಜನಿಕರಿಗೆ ಇಂಟರ್‌ನೆಟ್ ಸೇವೆ ದೊರೆತದ್ದು 1995ರ ಆಗಸ್ಟ್ 15ರಂದು, ವಿದೇಶ ಸಂಚಾರ ನಿಗಮದ ಮೂಲಕ. ಕೇಬಲ್ ಟಿವಿ ಜಾಲಗಳ ನಿಯಂತ್ರಣ ಕಾಯ್ದೆ ಬಂದದ್ದೂ ಅದೇ ವರ್ಷ. ಆ ಹೊತ್ತಿಗಾಗಲೇ ಉಪಗ್ರಹ ವಾಹಿನಿಗಳ ಆಕರ್ಷಣೆಯಿಂದ ನಗರಗಳ ತುಂಬ ಕಪ್ಪು ಕೇಬಲ್ ಹಬ್ಬಿತ್ತು. ಒಂದು ಡಿಶ್ ಆಂಟೆನಾ, ಕೆಲವು ಆಂಪ್ಲಿಫೈಯರ್‌ಗಳು, ನೂರಾರು ಮನೆಗಳಿಗೆ ಮರದಿಂದ ಮರಕ್ಕೆ, ಕಂಬದಿಂದ ಕಂಬಕ್ಕೆ, ಟೆರೇಸಿನಿಂದ ಟೆರೇಸಿಗೆ ಹಾದ ತಂತಿ. ಇದು ಬೀದಿಯ ಕೇಬಲ್ ಆಪರೇಟರನ ಒಟ್ಟು ಬಂಡವಾಳವಾಗಿತ್ತು. 1998ರಲ್ಲಿ ಖಾಸಗಿ ಸಂಸ್ಥೆಗಳಿಗೂ ಇಂಟರ್‌ನೆಟ್ ಸೇವೆಯ ಬಾಗಿಲು ತೆರೆದ ನಂತರ, ಮನೆಯೊಳಗೆ ಈಗಾಗಲೇ ಕಾಲಿಟ್ಟಿದ್ದ ಈ ತಂತಿಯ ಮೇಲೆ ಎಲ್ಲರ ಕಣ್ಣು ಬಿದ್ದದ್ದು ಸಹಜ.

ಟಿವಿ ಕೇಬಲ್‌ನಲ್ಲಿ ದತ್ತಾಂಶ ಸಾಗಿಸುವ ಡಾಕ್ಸಿಸ್ ಎಂಬ ಮಾನದಂಡವನ್ನು ಅಮೆರಿಕದ ಕೇಬಲ್‌ಲ್ಯಾಬ್ಸ್ 1997ರಲ್ಲಿ ಪ್ರಕಟಿಸಿತು. ನಮ್ಮಲ್ಲಿ ಕೆಲವು ಸಂಸ್ಥೆಗಳು ಆ ದಾರಿ ಹಿಡಿದವು. ಇನ್ನು ಕೆಲವು, ಕಟ್ಟಡದ ಮಹಡಿಯ ಮೇಲೆ ಸ್ವಿಚ್ ಪೆಟ್ಟಿಗೆಯಿಟ್ಟು ಅಲ್ಲಿಂದ ಮನೆಗಳಿಗೆ ಕಂಪ್ಯೂಟರ್ ಜಾಲದ ನೀಲಿ ಅಥವಾ ಬೂದು ತಂತಿ ಇಳಿಸಿದವು. ಜನರ ಬಾಯಲ್ಲಿ ಎರಡೂ 'ಕೇಬಲ್ ನೆಟ್' ಎಂದೇ ಆದವು. 2004ರ ರಾಷ್ಟ್ರೀಯ ಬ್ರಾಡ್‌ಬ್ಯಾಂಡ್ ನೀತಿ ಸೆಕೆಂಡಿಗೆ 256 ಕಿಲೋಬಿಟ್ ವೇಗವಿದ್ದರೆ ಸಾಕು, ಅದು ಬ್ರಾಡ್‌ಬ್ಯಾಂಡ್ ಎಂದಿತು. 2013ರಲ್ಲಿ ಅದು 512ಕ್ಕೆ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೆ ಏರಿತು. ಇಂದು ಮಾರುಕಟ್ಟೆಯಲ್ಲಿ ಅದರ ಹತ್ತಾರು ಪಟ್ಟು ವೇಗದ ಯೋಜನೆಗಳು ಸಾಮಾನ್ಯ. ಹಲವು ಬೀದಿಗಳಲ್ಲಿ ತಾಮ್ರದ ಬದಲು ಗಾಜಿನ ಎಳೆಯೇ ಮನೆಯೊಳಗೆ ಬಂದಿದೆ.

ಆದರೆ ತಂತಿ ಬದಲಾದರೂ ಅದು ನೇತಾಡುವ ಕಂಬ ಬದಲಾಗಿಲ್ಲ. ವೇಗದ ವ್ಯಾಖ್ಯೆ ಮೂರು ಬಾರಿ ಬರೆಯಲ್ಪಟ್ಟಿತು; ಬೀದಿಯ ಕೊನೆಯ ನೂರು ಮೀಟರ್‌ನ ಸ್ಥಿತಿ ಮಾತ್ರ ಹಾಗೆಯೇ ಉಳಿಯಿತು. ಬಂದು ಹೋಗುವ ಇಂಟರ್‌ನೆಟ್‌ನ ಕಾರಣಗಳಲ್ಲಿ ಹೆಚ್ಚಿನವು ಸಿಗುವುದು ಈ ಕೊನೆಯ ನೂರು ಮೀಟರ್‌ನಲ್ಲಿ, ಇಲ್ಲವೇ ಮನೆಯೊಳಗಿನ ಹತ್ತು ಮೀಟರ್‌ನಲ್ಲಿ.

ಗಡಿಯಾರವೇ ಮೊದಲ ಪರೀಕ್ಷಕ

ಬಿಟ್ಟು ಬಿಟ್ಟು ಬರುವ ಜ್ವರಕ್ಕೆ ವೈದ್ಯರು ಕೇಳುವ ಮೊದಲ ಪ್ರಶ್ನೆ: ಯಾವ ಹೊತ್ತಿನಲ್ಲಿ ಬರುತ್ತದೆ? ಇಂಟರ್‌ನೆಟ್‌ಗೂ ಇದೇ ಪ್ರಶ್ನೆ ಸಲ್ಲುತ್ತದೆ. ದೋಷ ಕಾಣಿಸಿಕೊಳ್ಳುವ ಸಮಯವೇ ಅದರ ವಿಳಾಸವನ್ನು ಹೇಳುತ್ತದೆ.

ಮಳೆ ಬಿದ್ದಾಗ ಹೋಗಿ, ಬಿಸಿಲು ಕಾದ ಮೇಲೆ ತಾನಾಗಿ ಸರಿಹೋಗುವ ಸಂಪರ್ಕದಲ್ಲಿ ಸಂಶಯ ನೇರ ಹೊರಗಿನ ಜೋಡಣೆಗಳ ಮೇಲೆ ಬೀಳಬೇಕು. ಟಿವಿ ಕೇಬಲ್‌ನ ಹೊರಕವಚ ಒಂದೆಡೆ ಸೀಳಿದರೂ ನೀರು ಒಳಗಿನ ಜಾಲರಿಯ ಉದ್ದಕ್ಕೂ ಇಳಿಯುತ್ತದೆ. ಜೋಡಣೆಯ ಬಳಿ ಹಸಿರು ಕಿಲುಬು ಹಿಡಿಯುತ್ತದೆ. ಮಂಗಳೂರು, ಉಡುಪಿಯ ಮಳೆಗಾಲದಲ್ಲಿ ಇದು ವಾರ್ಷಿಕ ಕಾಯಿಲೆ. ಗಾಳಿ ಬೀಸಿದಾಗ ಮಾತ್ರ ಕಡಿಯುವುದಾದರೆ ತೆಂಗಿನ ಗರಿಗೋ ಮರದ ಕೊಂಬೆಗೋ ತಗುಲಿ ತೂಗಾಡುವ ತಂತಿಯನ್ನು ಹುಡುಕಬೇಕು. ಸುಡು ಮಧ್ಯಾಹ್ನದಲ್ಲಿ ಹೋಗಿ ರಾತ್ರಿ ಸರಿಯಿದ್ದರೆ, ಸಡಿಲ ಜೋಡಣೆ ಅಥವಾ ಕಾದು ಬಸವಳಿದ ಉಪಕರಣವನ್ನು ಶಂಕಿಸಬೇಕು. ಉಪಕರಣ ಮನೆಯ ಮೋಡೆಮ್ ಆಗಿರಬಹುದು, ಮಹಡಿಯ ತಗಡಿನ ಪೆಟ್ಟಿಗೆಯೊಳಗಿನ ಸ್ವಿಚ್ ಆಗಿರಬಹುದು.

ಸಂಜೆ ಏಳರಿಂದ ಹನ್ನೊಂದರವರೆಗೆ ಮಾತ್ರ ತೆವಳುವ ಸಂಪರ್ಕದಲ್ಲಿ ದೋಷ ತಂತಿಯದ್ದಲ್ಲ, ಹಂಚಿಕೆಯದ್ದು. ಒಂದೇ ಸಾಮರ್ಥ್ಯವನ್ನು ಎಷ್ಟು ಮನೆಗಳು ಹಂಚಿಕೊಳ್ಳಬಹುದು ಎಂಬುದಕ್ಕೆ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2009ರಲ್ಲೇ ಮಿತಿ ಹಾಕಿ, ಗೃಹ ಗ್ರಾಹಕರಿಗೆ ಒಂದಕ್ಕೆ ಐವತ್ತು, ವಾಣಿಜ್ಯ ಗ್ರಾಹಕರಿಗೆ ಒಂದಕ್ಕೆ ಮೂವತ್ತು ಎಂದು ಸೂಚಿಸಿತ್ತು. ಒಂದು ಬೀದಿಯಲ್ಲಿ ಎಲ್ಲರೂ ಒಟ್ಟಿಗೆ ಸಿನಿಮಾ ನೋಡಲು ಕುಳಿತಾಗ ಈ ಲೆಕ್ಕದ ಅರ್ಥ ಎಲ್ಲರಿಗೂ ತಿಳಿಯುತ್ತದೆ.

ಇನ್ನು ವಿದ್ಯುತ್ ಹೋದ ಕ್ಷಣದಲ್ಲೇ ಇಂಟರ್‌ನೆಟ್ ಹೋದರೆ ಅದರಲ್ಲಿ ಆಶ್ಚರ್ಯವೇನಿಲ್ಲ ಎನ್ನುವಂತಿಲ್ಲ. ಮನೆಯಲ್ಲಿ ಯುಪಿಎಸ್ ಇದ್ದು, ಮೋಡೆಮ್ ಉರಿಯುತ್ತಿದ್ದರೂ ಸಂಪರ್ಕ ಸತ್ತರೆ, ಬೀದಿಯ ಆಂಪ್ಲಿಫೈಯರ್‌ಗೋ ಕಟ್ಟಡದ ಸ್ವಿಚ್‌ಗೋ ಬ್ಯಾಟರಿ ಇಲ್ಲವೆಂದೇ ಅರ್ಥ. ಗಾಜಿನ ಎಳೆ ನೇರ ಮನೆಗೆ ಬಂದಿರುವಲ್ಲಿ ಈ ತೊಂದರೆ ಕಡಿಮೆ. ಅಲ್ಲಿ ನಡುವಿನ ಬೀದಿಯಲ್ಲಿ ಬೆಳಕನ್ನು ಹಂಚುವ ಸಾಧನಕ್ಕೆ ವಿದ್ಯುತ್ತೇ ಬೇಕಿಲ್ಲ. ಏಪ್ರಿಲ್–ಮೇ ತಿಂಗಳ ಗುಡುಗು ಸಿಡಿಲಿನ ನಂತರ ಶುರುವಾದ ತೊಂದರೆಯಾದರೆ, ತಾಮ್ರದ ತಂತಿಯ ಮೂಲಕ ಬಂದ ಆಘಾತಕ್ಕೆ ಸ್ವಿಚ್‌ನ ಕಿಂಡಿ ಅರೆಜೀವವಾಗಿರುವ ಸಾಧ್ಯತೆ ಉಂಟು.

ಆದುದರಿಂದ ಗ್ರಾಹಕ ಮಾಡಬೇಕಾದ ಮೊದಲ ಕೆಲಸ, ಒಂದು ಹಾಳೆಯ ಮೇಲೆ ದಿನಾಂಕ, ಹೋದ ಸಮಯ, ಬಂದ ಸಮಯ, ಆಗಿನ ಹವೆ, ವಿದ್ಯುತ್ ಇತ್ತೋ ಇಲ್ಲವೋ ಎಂಬುದನ್ನು ಒಂದು ವಾರ ಬರೆದಿಡುವುದು. ದುರಸ್ತಿಯವನ ಉಪಕರಣಕ್ಕಿಂತ ಈ ಹಾಳೆ ಹೆಚ್ಚು ಮಾತನಾಡುತ್ತದೆ. ಮುಂದೆ ದೂರು ಮೇಲ್ಮನವಿಗೆ ಹೋದರೆ ಇದೇ ಸಾಕ್ಷ್ಯ.

ಅರ್ಧ ಅರ್ಧವಾಗಿ ಹುಡುಕುವ ಕ್ರಮ

ಎರಡನೆಯ ಕೆಲಸ, ದೋಷ ಮನೆಯೊಳಗಿನದ್ದೋ ಹೊರಗಿನದ್ದೋ ಎಂಬ ಗಡಿ ಎಳೆಯುವುದು. ವೈ–ಫೈ ಹೋದರೆ ಇಂಟರ್‌ನೆಟ್ ಹೋಯಿತೆಂದು ಭಾವಿಸುವುದು ಸಾಮಾನ್ಯ ತಪ್ಪು. ಮೋಡೆಮ್‌ನ ಸಂಪರ್ಕ ದೀಪ ಹಸಿರಾಗಿಯೇ ಇದ್ದು ಮೊಬೈಲಿನಲ್ಲಿ ಮಾತ್ರ ಪುಟ ತೆರೆಯದಿದ್ದರೆ ತೊಂದರೆ ಮನೆಯ ಗಾಳಿಯಲ್ಲಿದೆ. 2.4 ಗಿಗಾಹರ್ಟ್ಸ್ ತರಂಗಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಈ ಮೂರೇ. ಅಪಾರ್ಟ್‌ಮೆಂಟಿನಲ್ಲಿ ಇಪ್ಪತ್ತು ರೂಟರ್‌ಗಳು ಈ ಮೂರರಲ್ಲೇ ನೂಕಾಡುತ್ತವೆ. ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಅದೇ ತರಂಗಪಟ್ಟಿಯಲ್ಲಿ ಸದ್ದು ಮಾಡುತ್ತದೆ. ಲ್ಯಾಪ್‌ಟಾಪನ್ನು ತಂತಿಯ ಮೂಲಕ ನೇರ ರೂಟರಿಗೆ ಜೋಡಿಸಿ ಒಂದು ದಿನ ನೋಡಿದರೆ ಈ ಸಂಶಯ ಇತ್ಯರ್ಥವಾಗುತ್ತದೆ.

ತಂತಿಯಲ್ಲೂ ತೊಂದರೆ ಕಂಡರೆ ಕಂಪ್ಯೂಟರಿನ ಪಿಂಗ್ ಆಜ್ಞೆ ನೆರವಿಗೆ ಬರುತ್ತದೆ. ಎರಡು ಕಿಟಕಿ ತೆರೆದು, ಒಂದರಲ್ಲಿ ರೂಟರಿನ ವಿಳಾಸಕ್ಕೆ (ಸಾಮಾನ್ಯವಾಗಿ 192.168.1.1 ಅಥವಾ 192.168.0.1), ಇನ್ನೊಂದರಲ್ಲಿ 8.8.8.8ರಂತಹ ಹೊರಗಿನ ವಿಳಾಸಕ್ಕೆ ಸತತವಾಗಿ ಪಿಂಗ್ ಕಳುಹಿಸುತ್ತಿರಬೇಕು. ಸಂಪರ್ಕ ಹೋದ ಕ್ಷಣದಲ್ಲಿ ಮೊದಲನೆಯದೂ ನಿಂತರೆ ದೋಷ ಮನೆಯೊಳಗೆ. ಮೊದಲನೆಯದು ಓಡುತ್ತಿದ್ದು ಎರಡನೆಯದು ನಿಂತರೆ ದೋಷ ಮೋಡೆಮ್‌ನಿಂದಾಚೆಗೆ. ಎರಡೂ ಓಡುತ್ತಿದ್ದು ಜಾಲತಾಣಗಳು ಮಾತ್ರ ತೆರೆಯದಿದ್ದರೆ, ಹೆಸರನ್ನು ಸಂಖ್ಯೆಯಾಗಿ ಬದಲಿಸುವ ಡಿಎನ್‌ಎಸ್ ವ್ಯವಸ್ಥೆ ಸೋತಿದೆ. ರೂಟರಿನಲ್ಲಿ ಬೇರೆ ಡಿಎನ್‌ಎಸ್ ವಿಳಾಸ ನಮೂದಿಸಿದರೆ ಸಾಕು.

ಮೂರನೆಯದು, ಅಗ್ಗದ ವಸ್ತುವನ್ನು ಮೊದಲು ಬದಲಿಸುವುದು. ದಿನಕ್ಕೆ ಹಲವು ಬಾರಿ ತಾನಾಗಿ ಆರಿ ಹೊತ್ತಿಕೊಳ್ಳುವ ಮೋಡೆಮ್‌ನ ಹಿಂದೆ ಹಲವು ಸಲ ಇರುವುದು ಬಸವಳಿದ ಅಡಾಪ್ಟರ್. ಅಷ್ಟೇ ವೋಲ್ಟ್, ಕನಿಷ್ಠ ಅಷ್ಟೇ ಆಂಪಿಯರ್‌ನ ಇನ್ನೊಂದನ್ನು ಹಾಕಿ ನೋಡುವುದಕ್ಕೆ ದೊಡ್ಡ ಖರ್ಚಿಲ್ಲ. ಟಿವಿ ಕೇಬಲ್ ಮೂಲಕ ಬರುವ ಸಂಪರ್ಕದಲ್ಲಿ ಸ್ಪ್ಲಿಟರ್ ಎಂಬ ಪುಟ್ಟ ಕವಲು ಪೆಟ್ಟಿಗೆಯ ಕಡೆ ಗಮನ ಹೋಗಬೇಕು. ಎರಡು ಕವಲಿನ ಪ್ರತಿ ಸ್ಪ್ಲಿಟರ್ ಸಂಕೇತದ ಬಲವನ್ನು ಅರ್ಧಕ್ಕಿಂತ ಕೆಳಗಿಳಿಸುತ್ತದೆ. ಹಾಲಿಗೊಂದು, ಕೋಣೆಗೊಂದು ಎಂದು ಮೂರು ಪೆಟ್ಟಿಗೆ ದಾಟಿ ಬಂದ ಸಂಕೇತ ಮೋಡೆಮ್ ತಲುಪುವ ಹೊತ್ತಿಗೆ ಎಂಟನೇ ಒಂದು ಪಾಲಿನಷ್ಟೂ ಉಳಿದಿರುವುದಿಲ್ಲ. ಮೋಡೆಮ್‌ಗೆ ಮೊದಲ ಕವಲಿನಿಂದಲೇ ನೇರ ತಂತಿ ಕೊಡಿಸುವುದು ಸರಿಯಾದ ದಾರಿ.

ನಾಲ್ಕನೆಯದು, ಮೋಡೆಮ್‌ನ ಒಳಪುಟವನ್ನು ಓದುವುದು. ಡಾಕ್ಸಿಸ್ ಮೋಡೆಮ್‌ಗಳಲ್ಲಿ ಬರುವ ಸಂಕೇತದ ಮಟ್ಟ ಮೈನಸ್ 15ರಿಂದ ಪ್ಲಸ್ 15 ಡಿಬಿಎಂವಿ ಒಳಗಿರಬೇಕೆಂಬುದು ಮಾನದಂಡ. ಸೊನ್ನೆಯ ಆಸುಪಾಸಿನಲ್ಲಿದ್ದಷ್ಟೂ ಒಳ್ಳೆಯದು. ಹೋಗುವ ಸಂಕೇತದ ಮಟ್ಟ 50ರ ಹತ್ತಿರವೇ ನಿಂತಿದ್ದರೆ ಮೋಡೆಮ್ ಗಂಟಲು ಹರಿಯುವಂತೆ ಕೂಗಿಕೊಳ್ಳುತ್ತಿದೆ, ಆದರೂ ಆಚೆಗೆ ಕೇಳಿಸುತ್ತಿಲ್ಲ ಎಂದರ್ಥ. ಘಟನಾ ದಾಖಲೆಯಲ್ಲಿ ಟಿ3, ಟಿ4 ಎಂಬ ಸಾಲುಗಳು ಮತ್ತೆ ಮತ್ತೆ ಕಾಣಿಸಿದರೆ ಮೋಡೆಮ್ ಕೇಳಿದ ಪ್ರಶ್ನೆಗೆ ಕೇಂದ್ರದಿಂದ ಉತ್ತರ ಬಂದಿಲ್ಲ. ಮನೆಯಿಂದ ಹೊರಕ್ಕೆ ಹೋಗುವ ದಾರಿ ಕೇಬಲ್ ಜಾಲದ ಅತ್ಯಂತ ದುರ್ಬಲ ಭಾಗ. ಇಡೀ ಬೀದಿಯ ಸಡಿಲ ಜೋಡಣೆಗಳು ಹೀರಿಕೊಂಡ ಗದ್ದಲವೆಲ್ಲ ಒಂದೇ ಆಲಿಕೆಯಲ್ಲಿ ಸುರಿದಂತೆ ಕೇಂದ್ರಕ್ಕೆ ಹರಿಯುತ್ತದೆ. ಆದ್ದರಿಂದಲೇ ಒಂದು ಮನೆಯ ಹಾಳಾದ ಜೋಡಣೆ ಹತ್ತು ಮನೆಗಳ ಸಂಪರ್ಕ ಕೆಡಿಸಬಲ್ಲದು, ಆ ಹತ್ತು ಮನೆಗಳಲ್ಲಿ ಎಷ್ಟು ಹುಡುಕಿದರೂ ದೋಷ ಸಿಗದು.

ಗಾಜಿನ ಎಳೆಯ ಸಂಪರ್ಕದಲ್ಲಿ ನೋಡಬೇಕಾದ್ದು ಬೆಳಕಿನ ಮಟ್ಟ. ಅದು ಸಾಮಾನ್ಯವಾಗಿ ಮೈನಸ್ 8ರಿಂದ ಮೈನಸ್ 27 ಡಿಬಿಎಂ ನಡುವೆ ಇರಬೇಕು. ಮೈನಸ್ 27ರ ಅಂಚಿನಲ್ಲಿ ನಿಂತ ಸಂಪರ್ಕ ಒಂದು ಸಣ್ಣ ಬಾಗಿಗೂ ಬಿದ್ದುಹೋಗುತ್ತದೆ. ಬಾಗಿಲ ಸಂದಿಯಲ್ಲಿ ಒತ್ತಿಕೊಂಡ, ಮೊಳೆಗೆ ಬಿಗಿಯಾಗಿ ಸುತ್ತಿದ ಎಳೆಯಿಂದ ಬೆಳಕು ಸೋರುತ್ತದೆ. ಈ ಅಂಕಿಯನ್ನು ದುರಸ್ತಿಯವನಿಂದ ಕೇಳಿ ಬರೆದಿಟ್ಟುಕೊಳ್ಳುವುದು ಗ್ರಾಹಕನ ಹಕ್ಕೆಂದೇ ತಿಳಿಯಬೇಕು.

ಕಂಬ ಯಾರದ್ದು, ಕೇಬಲ್ ಯಾರದ್ದು?

ಮನೆಯೊಳಗಿನ ಎಲ್ಲ ಪರೀಕ್ಷೆಗಳಲ್ಲಿ ಪಾಸಾದ ಗ್ರಾಹಕನೂ ಬೀದಿಗೆ ಬಂದಾಗ ಅಸಹಾಯಕ. ಅಲ್ಲಿ ಕಂಬ ವಿದ್ಯುತ್ ಕಂಪನಿಯದ್ದು, ರಸ್ತೆ ನಗರಪಾಲಿಕೆಯದ್ದು, ಗುಂಡಿ ಜಲಮಂಡಳಿಯದ್ದು, ಕೇಬಲ್ ಇನ್ಯಾರದ್ದೋ. ವಿದ್ಯುತ್ ಕಂಬಗಳಿಗೆ ಅನುಮತಿಯಿಲ್ಲದೆ ಕಟ್ಟಿದ ಕೇಬಲ್‌ಗಳನ್ನು ತೆರವುಗೊಳಿಸುವ ಕಾರ್ಯಾಚರಣೆಯನ್ನು ಬೆಸ್ಕಾಂ 2024ರಲ್ಲಿ ಕೈಗೊಂಡಿತು. ಪಾದಚಾರಿಗಳ ತಲೆಗೆ ತಾಗುವಂತೆ ಜೋತುಬಿದ್ದ ಕೇಬಲ್ ರಾಶಿಯನ್ನು ನೋಡಿದವರು ಈ ಕ್ರಮವನ್ನು ತಪ್ಪೆನ್ನಲಾರರು. ಕತ್ತರಿಯ ಇನ್ನೊಂದು ತುದಿಯಲ್ಲಿ ತಿಂಗಳ ಹಣವನ್ನು ಮುಂಗಡ ಕಟ್ಟಿದ ಗ್ರಾಹಕ ಇದ್ದಾನೆ ಎಂಬುದೂ ಅಷ್ಟೇ ನಿಜ.

ಈ ಸಂಘರ್ಷದ ತೀವ್ರ ರೂಪ ಕಂಡದ್ದು ನೆರೆಯ ಹೈದರಾಬಾದಿನಲ್ಲಿ. 2025ರ ಆಗಸ್ಟ್‌ನಲ್ಲಿ ರಾಮಂತಾಪುರದಲ್ಲಿ ಕೃಷ್ಣಾಷ್ಟಮಿಯ ರಥ ಎಳೆಯುವಾಗ ವಿದ್ಯುತ್ ತಗುಲಿ ಐವರು ಮೃತಪಟ್ಟರು. ಅದರ ಬೆನ್ನಿಗೇ ಕಂಬಗಳ ಮೇಲಿನ ಕೇಬಲ್‌ಗಳನ್ನು ಕತ್ತರಿಸುವ ಕಾರ್ಯ ನಡೆದು, ನಗರದ ಅನೇಕ ಭಾಗಗಳಲ್ಲಿ ಇಂಟರ್‌ನೆಟ್ ಸ್ಥಗಿತಗೊಂಡಿತು. ವಿವಾದ ಹೈಕೋರ್ಟಿನ ಮೆಟ್ಟಿಲೇರಿತು. ಜೀವಕ್ಕಿಂತ ಇಂಟರ್‌ನೆಟ್ ದೊಡ್ಡದಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೆ ವರ್ಷಗಟ್ಟಲೆ ಕಣ್ಣುಮುಚ್ಚಿ, ದುರಂತವಾದ ಮರುದಿನ ಕತ್ತರಿ ಹಿಡಿಯುವ ಪದ್ಧತಿಯಿಂದ ಜೀವವೂ ಉಳಿಯದು, ಸಂಪರ್ಕವೂ ಉಳಿಯದು.

ನೆಲದೊಳಗೆ ಹೂತರೆ ಸಮಸ್ಯೆ ಮುಗಿಯಿತೆ? ಹಾಗೂ ಇಲ್ಲ. ಸಮನ್ವಯವಿಲ್ಲದ ಅಗೆತದಿಂದ ನೆಲದಡಿಯ ಸೌಕರ್ಯಗಳಿಗಾಗುವ ಹಾನಿ ದೇಶದಲ್ಲಿ ವರ್ಷಕ್ಕೆ ಸುಮಾರು 3,000 ಕೋಟಿ ರೂಪಾಯಿ ಎಂದು ಕೇಂದ್ರ ಸರ್ಕಾರವೇ ಹೇಳಿದೆ. ಅಗೆಯುವವನು ಮೊದಲು ತಿಳಿಸಬೇಕೆಂಬ 'ಕಾಲ್ ಬಿಫೋರ್ ಯು ಡಿಗ್' ಎಂಬ ಆ್ಯಪ್ 2023ರ ಮಾರ್ಚ್ 22ರಂದು ಉದ್ಘಾಟನೆಗೊಂಡಿತು. ಕಂಬ, ರಸ್ತೆಗಳ ಬಳಕೆಗೆ ಏಕರೂಪದ ಅನುಮತಿ ವ್ಯವಸ್ಥೆ ತರುವ ಹೊಸ ಮಾರ್ಗಾಧಿಕಾರ ನಿಯಮಗಳು 2025ರ ಜನವರಿ 1ರಿಂದ ಜಾರಿಯಾಗಿವೆ. ಕಾಗದದ ಮೇಲೆ ದಾರಿ ಸಿದ್ಧವಾಗಿದೆ. ಜೆಸಿಬಿಯ ಚಾಲಕನಿಗೆ ಆ ದಾರಿ ಗೊತ್ತಾಗುವಂತೆ ಮಾಡುವ ಹೊಣೆ ಸ್ಥಳೀಯ ಸಂಸ್ಥೆಗಳದ್ದು.

ನಿಯಮದ ಜಾಲರಿ, ಜಾರುವ ಮೀನು

ಈಗ ನಿಯಮದ ಮಾತಿಗೆ ಬರಬೇಕು. ಟ್ರಾಯ್ 2006ರಲ್ಲಿ ಹೊರಡಿಸಿದ ಬ್ರಾಡ್‌ಬ್ಯಾಂಡ್ ಗುಣಮಟ್ಟ ನಿಯಮಗಳು ದೋಷಗಳಲ್ಲಿ ಶೇ. 90ಕ್ಕಿಂತ ಹೆಚ್ಚನ್ನು ಮರು ಕೆಲಸದ ದಿನದೊಳಗೆ, ಶೇ. 99ನ್ನು ಮೂರು ಕೆಲಸದ ದಿನಗಳೊಳಗೆ ಸರಿಪಡಿಸಬೇಕೆಂದವು. ಮೂರು ದಿನ ಮೀರಿದರೆ ಏಳು ದಿನಗಳ, ಏಳು ಮೀರಿದರೆ ಹದಿನೈದು ದಿನಗಳ, ಹದಿನೈದು ಮೀರಿದರೆ ಒಂದು ತಿಂಗಳ ಬಾಡಿಗೆ ರಿಯಾಯಿತಿ ಎಂದು ಗೊತ್ತುಪಡಿಸಿದವು. ಸೇವಾ ಲಭ್ಯತೆ ಶೇ. 98ಕ್ಕಿಂತ ಹೆಚ್ಚಿರಬೇಕೆಂದೂ ಹೇಳಿದವು.

ಶೇ. 98 ಎಂದರೆ ಕೇಳಲು ಪ್ರಥಮ ದರ್ಜೆಯ ಅಂಕ. ಆದರೆ 30 ದಿನದ ತಿಂಗಳಲ್ಲಿ 720 ಗಂಟೆಗಳು. ಅದರ ಶೇ. 2 ಎಂದರೆ 14 ಗಂಟೆ 24 ನಿಮಿಷ. ಇದನ್ನು ಐದೈದು ನಿಮಿಷದ ತುಂಡುಗಳಾಗಿ ಕತ್ತರಿಸಿದರೆ 172 ಬಾರಿ, ಅಂದರೆ ದಿನಕ್ಕೆ ಐದಾರು ಬಾರಿ ಸಂಪರ್ಕ ಕಡಿದರೂ ಲೆಕ್ಕ ಆ ಗೆರೆಯ ಆಸುಪಾಸಿನಲ್ಲೇ ನಿಲ್ಲುತ್ತದೆ. ಅದೂ ಒಂದು ಮನೆಯ ಲೆಕ್ಕವಲ್ಲ, ಎಲ್ಲ ಗ್ರಾಹಕರನ್ನೂ ಒಟ್ಟುಗೂಡಿಸಿದ ಸರಾಸರಿ. ಸಾವಿರ ಮನೆಗಳ ನೆಮ್ಮದಿಯಲ್ಲಿ ಹತ್ತು ಮನೆಗಳ ಗೋಳು ಕರಗಿಹೋಗುತ್ತದೆ.

2006ರ ನಿಯಮಗಳ ಸ್ಥಾನದಲ್ಲಿ ಟ್ರಾಯ್ 2024ರ ಆಗಸ್ಟ್ 2ರಂದು ಹೊಸ ನಿಯಮಗಳನ್ನು ಹೊರಡಿಸಿ, ಅಕ್ಟೋಬರ್ 1ರಿಂದ ಜಾರಿಗೆ ತಂದಿತು. ಸ್ಥಿರ ದೂರವಾಣಿ, ಮೊಬೈಲ್, ಬ್ರಾಡ್‌ಬ್ಯಾಂಡ್ ಎಲ್ಲವೂ ಒಂದೇ ಸೂರಿನಡಿ ಬಂದವು. ದಂಡದ ಮೊತ್ತ 50 ಸಾವಿರದಿಂದ ಲಕ್ಷಕ್ಕೆ ಏರಿ, ತಪ್ಪಿನ ತೀವ್ರತೆಗೆ ತಕ್ಕಂತೆ 10 ಲಕ್ಷದವರೆಗೆ ಹೋಗುವಂತಾಯಿತು. ಜಿಲ್ಲಾ ಮಟ್ಟದಲ್ಲಿ 24 ಗಂಟೆಗಿಂತ ಹೆಚ್ಚು ಸೇವೆ ಸ್ಥಗಿತವಾದರೆ ಬಾಡಿಗೆ ಕಡಿತ ಇಲ್ಲವೇ ಅವಧಿ ವಿಸ್ತರಣೆ ದೊರೆಯಬೇಕು. ದಿನವೊಂದರಲ್ಲಿ 12 ಗಂಟೆ ಮೀರಿದ ಸ್ಥಗಿತವನ್ನು ಪೂರ್ಣ ದಿನವೆಂದೇ ಎಣಿಸಬೇಕು. ತಂತಿ ಸಂಪರ್ಕದ ದೋಷ ಮೂರು ದಿನ ಮೀರಿ ಉಳಿದರೆ ಪರಿಹಾರ ನೀಡಬೇಕು. ಇವೆಲ್ಲ ಸ್ವಾಗತಾರ್ಹ ಹೆಜ್ಜೆಗಳೇ.

ಆದರೆ ಈ ಎಲ್ಲ ಅಳತೆಗಳ ಹಿಂದಿರುವ ಕಲ್ಪನೆ ಒಂದೇ: ದೋಷ ಎಂದರೆ ಒಮ್ಮೆ ಶುರುವಾಗಿ ಒಮ್ಮೆ ಮುಗಿಯುವ ಘಟನೆ. ಬಂದು ಹೋಗುವ ದೋಷ ಈ ಅಚ್ಚಿಗೆ ಹೊಂದುವುದಿಲ್ಲ. ಅದು ಪ್ರತಿ ಬಾರಿಯೂ ಮೂರು ದಿನದ ಗಡುವಿಗೆ ಬಹಳ ಮೊದಲೇ ತಾನಾಗಿ 'ಸರಿಯಾಗುತ್ತದೆ'. ದೂರು ಮುಕ್ತಾಯವಾಗುತ್ತದೆ, ಹೊಸ ದೂರಿಗೆ ಹೊಸ ಸಂಖ್ಯೆ ದೊರೆಯುತ್ತದೆ, ಗಡಿಯಾರ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ. ತಿಂಗಳಿಗೆ ಹತ್ತು ದೂರು ಕೊಟ್ಟ ಮನೆಯೂ ಕಾಗದದ ಮೇಲೆ ಹತ್ತು ಬಾರಿ ಸಕಾಲಕ್ಕೆ ದುರಸ್ತಿಯಾದ ಮನೆ! ಇದು ಭಾರತದ್ದಷ್ಟೇ ಲೋಪವಲ್ಲ. 2019ರ ಏಪ್ರಿಲ್‌ನಲ್ಲಿ ಬ್ರಿಟನ್ ಆರಂಭಿಸಿದ ಸ್ವಯಂಚಾಲಿತ ಪರಿಹಾರ ಯೋಜನೆಯೂ ಸಂಪರ್ಕ ಪೂರ್ತಿ ಸತ್ತು ಎರಡು ಕೆಲಸದ ದಿನ ಕಳೆದ ನಂತರವೇ ಹಣ ಎಣಿಸಲು ಶುರುಮಾಡುತ್ತದೆ.

ವಿದ್ಯುತ್ ಕ್ಷೇತ್ರ ಈ ವಿಷಯದಲ್ಲಿ ಮುಂದಿದೆ ಎಂಬುದು ಗಮನಿಸಬೇಕಾದ ಅಂಶ. 2020ರ ಡಿಸೆಂಬರ್‌ನಲ್ಲಿ ಜಾರಿಯಾದ ವಿದ್ಯುತ್ ಗ್ರಾಹಕರ ಹಕ್ಕು ನಿಯಮಗಳು ಪೂರೈಕೆ ಎಷ್ಟು ಹೊತ್ತು ಹೋಯಿತು ಎಂಬುದರ ಜೊತೆಗೆ ಎಷ್ಟು ಬಾರಿ ಹೋಯಿತು ಎಂಬುದನ್ನೂ ಪ್ರತ್ಯೇಕ ಸೂಚ್ಯಂಕವಾಗಿ ಅಳೆಯಬೇಕೆನ್ನುತ್ತವೆ. ದಿನಕ್ಕೆ ಹತ್ತು ಬಾರಿ ಕಣ್ಣು ಮಿಟುಕಿಸುವ ವಿದ್ಯುತ್, ಒಮ್ಮೆ ಒಂದು ಗಂಟೆ ಹೋಗುವ ವಿದ್ಯುತ್ತಿಗಿಂತ ಹೆಚ್ಚು ಹಾನಿಕರ ಎಂಬ ತಿಳಿವಳಿಕೆ ಅಲ್ಲಿ ನಿಯಮವಾಗಿದೆ. ಬ್ರಾಡ್‌ಬ್ಯಾಂಡ್‌ಗೆ ಇದೇ ನ್ಯಾಯ ಏಕೆ ಸಲ್ಲಬಾರದು?

ದಾಖಲೆ ಇದೆ, ಗ್ರಾಹಕನ ಕೈಯಲ್ಲಿಲ್ಲ

ಎಷ್ಟು ಬಾರಿ ಸಂಪರ್ಕ ಕಡಿಯಿತೆಂದು ಎಣಿಸುವುದು ಕಷ್ಟ ಎಂಬ ವಾದ ನಿಲ್ಲುವುದಿಲ್ಲ. ಕೇಬಲ್ ಜಾಲದ ಕೇಂದ್ರ ಉಪಕರಣದಲ್ಲಿ ಪದೇ ಪದೇ ಬಿದ್ದು ಏಳುವ ಮೋಡೆಮ್‌ಗಳ ಪಟ್ಟಿಯನ್ನು ಇಡುವ ಸೌಲಭ್ಯ ಹುಟ್ಟಿನಿಂದಲೇ ಇದೆ. ಯಾವ ಮನೆಯ ಮೋಡೆಮ್ ಎಷ್ಟು ಬಾರಿ ಬಿತ್ತೆಂದು ಅದು ತೋರಿಸುತ್ತದೆ. ಬಳಕೆದಾರ ಹೆಸರು, ಗುಪ್ತಪದ ನೀಡಿ ಸಂಪರ್ಕ ಪಡೆಯುವ ವ್ಯವಸ್ಥೆಯಲ್ಲೂ ಪ್ರತಿ ಅಧಿವೇಶನದ ಆರಂಭ ಮತ್ತು ಅಂತ್ಯದ ಸಮಯ ದಾಖಲಾಗುತ್ತದೆ. ಅಂದರೆ ಗ್ರಾಹಕ ಹಾಳೆಯ ಮೇಲೆ ಪರದಾಡಿ ಬರೆಯುವ ಪಟ್ಟಿ ಕಂಪನಿಯ ಕಂಪ್ಯೂಟರಿನಲ್ಲಿ ಸೆಕೆಂಡು ಸಹಿತ ಸಿದ್ಧವಾಗಿದೆ. ಸಹಾಯವಾಣಿಯವರಿಗೆ ಅದು ಕಾಣಿಸದಿರಬಹುದು, ಗ್ರಾಹಕನಿಗಂತೂ ಕಾಣಿಸುವುದೇ ಇಲ್ಲ.

ತಿಂಗಳ ಬಿಲ್ಲಿನ ಮೇಲೆ ಎರಡು ಸಾಲು ಸೇರಿಸಿದರೆ ಸಾಕು: ಈ ತಿಂಗಳು ನಿಮ್ಮ ಸಂಪರ್ಕ ಎಷ್ಟು ಬಾರಿ ಕಡಿಯಿತು, ಒಟ್ಟು ಎಷ್ಟು ಹೊತ್ತು. ಗ್ರಾಹಕನೇ ಮೋಡೆಮ್ ಆರಿಸಿದ್ದರೆ ಅದೂ ಎಣಿಕೆಗೆ ಬರುತ್ತದೆ ಎಂಬ ಆಕ್ಷೇಪ ಸರಿಯೇ. ಅದಕ್ಕೆ ಉತ್ತರವೂ ಇದೆ. ಒಂದೇ ಕವಲಿನ ಹಲವು ಮನೆಗಳು ಒಂದೇ ಕ್ಷಣದಲ್ಲಿ ಬಿದ್ದರೆ ದೋಷ ಯಾರದ್ದೆಂದು ದಾಖಲೆಯೇ ಹೇಳುತ್ತದೆ. ಜೊತೆಗೆ, ಮೂವತ್ತು ದಿನಗಳೊಳಗೆ ಅದೇ ಮನೆಯಿಂದ ಬಂದ ಅದೇ ದೂರನ್ನು ಹೊಸದೆಂದು ಎಣಿಸದೆ ಹಳೆಯದರ ಮುಂದುವರಿಕೆ ಎಂದು ಪರಿಗಣಿಸುವ ಒಂದು ತಿದ್ದುಪಡಿಯಾದರೆ, ಮೂರು ದಿನದ ನಿಯಮಕ್ಕೆ ನಿಜವಾದ ಹಲ್ಲು ಬರುತ್ತದೆ.

ಇದರ ಭಾರ ಬೀದಿಯ ಆಪರೇಟರನ ಮೇಲಷ್ಟೇ ಬೀಳಬಾರದು ಎಂಬುದನ್ನೂ ಹೇಳಬೇಕು. ಮಳೆಯಲ್ಲಿ ಏಣಿ ಹತ್ತುವವನು ಅವನ ಹುಡುಗ. ಗ್ರಾಹಕ ಬೈಯುವುದೂ ಅವನನ್ನೇ. ಬಿಲ್ಲಿನ ಹಣದಲ್ಲಿ ಅವನ ಪಾಲು ಸಣ್ಣದು. ಹೊಸ ತಂತಿ, ಬ್ಯಾಟರಿ, ಒಳ್ಳೆಯ ಜೋಡಣೆಗೆ ಹಣ ಯಾರು ಹಾಕಬೇಕೆಂಬ ಪ್ರಶ್ನೆಗೆ ಮೇಲಿನವರು ಕೆಳಗೆ, ಕೆಳಗಿನವರು ಮೇಲೆ ಕೈ ತೋರಿಸುತ್ತಾರೆ. ಪರವಾನಗಿ ಹೊಂದಿದ ಸಂಸ್ಥೆಯೇ ಉತ್ತರದಾಯಿ ಎಂಬುದನ್ನು ನಿಯಂತ್ರಕರು ಮರೆಯದಿದ್ದರೆ ಈ ಕೈ ತೋರಿಸುವ ಆಟ ನಿಲ್ಲುತ್ತದೆ.

ಅಲ್ಲಿಯವರೆಗೆ ಗ್ರಾಹಕನ ದಾರಿ

ನಿಯಮ ಬದಲಾಗುವವರೆಗೆ ಇರುವ ದಾರಿಯನ್ನೇ ಸರಿಯಾಗಿ ಬಳಸಬೇಕು. ಟ್ರಾಯ್‌ನ 2012ರ ದೂರು ಪರಿಹಾರ ನಿಯಮಗಳ ಪ್ರಕಾರ ಪ್ರತಿ ದೂರಿಗೂ ಡಾಕೆಟ್ ಸಂಖ್ಯೆ ನೀಡುವುದು ಕಡ್ಡಾಯ. ಫೋನಿನಲ್ಲಿ ಗೊಣಗಿ ಸುಮ್ಮನಾಗುವ ಬದಲು ಪ್ರತಿ ಬಾರಿಯೂ ಸಂಖ್ಯೆ ಪಡೆದು ಹಾಳೆಯಲ್ಲಿ ಬರೆಯಬೇಕು. 'ಪದೇ ಪದೇ ಕಡಿಯುವ ದೋಷ, ಹಿಂದಿನ ಸಂಖ್ಯೆ ಇಂಥದ್ದು' ಎಂದು ದೂರಿನಲ್ಲೇ ನಮೂದಿಸುವಂತೆ ಒತ್ತಾಯಿಸಬೇಕು. ಸಮಾಧಾನವಾಗದಿದ್ದರೆ ಅದೇ ಸಂಸ್ಥೆಯ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಹೋಗಬಹುದು. ಶುಲ್ಕವಿಲ್ಲ, 39 ದಿನಗಳೊಳಗೆ ತೀರ್ಮಾನವಾಗಬೇಕು. ವಾರದ ವೇಳಾಪಟ್ಟಿ, ಪಿಂಗ್‌ನ ಚಿತ್ರ, ಮೋಡೆಮ್‌ನ ಅಂಕಿಗಳು ಅಲ್ಲಿ ಮಾತಿಗಿಂತ ಬಲವಾದವು.

ಅದೂ ಫಲಿಸದಿದ್ದರೆ ಗ್ರಾಹಕ ಆಯೋಗದ ಬಾಗಿಲಿದೆ. ದೂರಸಂಪರ್ಕ ವಿವಾದಗಳು ಗ್ರಾಹಕ ವೇದಿಕೆಗೆ ಬರುವಂತಿಲ್ಲ ಎಂಬ ವಾದವನ್ನು ಸುಪ್ರೀಂ ಕೋರ್ಟ್ 2022ರ ಫೆಬ್ರವರಿ 16ರಂದು ತಳ್ಳಿಹಾಕಿದೆ. ಐದು ಲಕ್ಷ ರೂಪಾಯಿವರೆಗಿನ ಸೇವೆಯ ವ್ಯಾಜ್ಯಕ್ಕೆ ಜಿಲ್ಲಾ ಆಯೋಗದಲ್ಲಿ ಶುಲ್ಕವೂ ಇಲ್ಲ. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಒಬ್ಬರ ದೂರಿಗಿಂತ ಒಂದೇ ಕಟ್ಟಡದ ಹತ್ತು ಮನೆಗಳ ದೂರಿಗೆ ತೂಕ ಹೆಚ್ಚು. ಒಂದೇ ಹೊತ್ತಿಗೆ ಹತ್ತು ಮನೆಗಳಲ್ಲಿ ದೀಪ ಕೆಂಪಾದರೆ ದೋಷ ಯಾರ ಮೋಡೆಮ್‌ನದ್ದೂ ಅಲ್ಲವೆಂದು ಯಾರಿಗೂ ವಿವರಿಸಬೇಕಾಗಿಲ್ಲ.

ಎರಡು ದಶಕಗಳ ಹಿಂದೆ ಇಂಟರ್‌ನೆಟ್ ಮನೆಗೆ ಬಂದರೆ ಸಾಕು ಎಂಬ ಕಾಲವಿತ್ತು. ಅನಂತರ ವೇಗದ ಪೈಪೋಟಿ ಬಂತು. ಈಗ ಬೇಕಾಗಿರುವುದು ನೆಚ್ಚಿಕೆ. ನೂರು ಮೆಗಾಬಿಟ್‌ನ ಜಾಹೀರಾತು ಕಂಬದ ಮೇಲೆಯೇ ತೂಗುತ್ತಿರುತ್ತದೆ. ಅದರ ಕೆಳಗೇ ಟೇಪು ಸುತ್ತಿದ ಜೋಡಣೆಯೊಂದು ಮಳೆಗೆ ನೆನೆಯುತ್ತಿರುತ್ತದೆ. ಆ ಜೋಡಣೆ ಎಷ್ಟು ಬಾರಿ ಸೋತಿತೆಂಬ ಲೆಕ್ಕ ಬಿಲ್ಲಿನ ಮೇಲೆ ಬರುವವರೆಗೆ, 'ಆಫ್ ಮಾಡಿ ಆನ್ ಮಾಡಿ' ಎಂಬ ಸಲಹೆಯೇ ಗ್ರಾಹಕನಿಗೆ ಸಿಗುವ ಪರಿಹಾರವಾಗಿ ಉಳಿಯುತ್ತದೆ.